ಪಂಚಾಕ್ಷರಿ ಒಳಗಿದ್ದಾರೆ

ನಮ್ಮ ಊರಿನಲ್ಲಿ ಮನೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಕೋಳಿ ಕೂಗುವುದಕ್ಕೆ ಸ್ವಲ್ಪ ಮುಂಚೆ, ದಿನಕ್ಕೆ ಸಾವಿರ ಸಾವಿರದೈನೂರು ಮನೆಗಳು ಜಾಗ ಬದಲಾಯಿಸುತ್ತವೆ. ಯಾವ ಮನೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಯಾರೂ ಹೇಳಲಾರರು. ಒಳಗೆ ಮಲಗಿದವರಿಗೆ ಎಚ್ಚರವಾಗುವುದಿಲ್ಲ, ನೆಲುವಿನ ಮೇಲಿನ ಮಜ್ಜಿಗೆ ಕೂಡ ತುಳುಕುವುದಿಲ್ಲ. ಕುಂಬಾರರ ಓಣಿಯಲ್ಲಿ ಮಲಗಿದವರು ಬೆಳಿಗ್ಗೆ ಕಸ ಗುಡಿಸಲು ಬಾಗಿಲು ತೆರೆದರೆ ಎದುರಿಗೆ ಕೆರೆ ಇರುತ್ತದೆ. ಅವರು ಕೆರೆಯ ಕಡೆಗೊಮ್ಮೆ ನೋಡಿ ಕಸ ಗುಡಿಸುತ್ತಾರೆ. ಶಾಲೆ, ಗುಡಿ, ಮಸೀದಿ, ಬಸ್ ಸ್ಟ್ಯಾಂಡು, ಪುರಸಭೆ ಕಚೇರಿ, ಬೇವಿನ ಮರಗಳು ಮಾತ್ರ ಇದ್ದಲ್ಲೇ ಇರುತ್ತವೆ. ಹೊರಗಿನಿಂದ ಬಂದವರು ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮ ಊರು ಯಾಕೆ ಹಾಗೆ ಎಂದು ನಾವು ಕೇಳುವುದಿಲ್ಲ. ಅದು ನಮ್ಮ ದೊಡ್ಡತನ.

ಒಗ್ಗಿಕೊಂಡವರಿಗೆ ಇದರಲ್ಲಿ ಅನುಕೂಲವೇ ಹೆಚ್ಚು. ಪಕ್ಕದ ಮನೆಯವರ ಜೊತೆ ಜಗಳ ಹತ್ತಿದರೆ ಹಿರಿಯರು ಇವತ್ತೊಂದು ದಿನ ತಡಕೊಳ್ಳಿ ಎನ್ನುತ್ತಾರೆ. ಹೆಣ್ಣು ಕೊಡುವವರು ಹುಡುಗನನ್ನು ವಿಚಾರಿಸುತ್ತಾರೆಯೇ ಹೊರತು ಅವನ ಅಕ್ಕಪಕ್ಕವನ್ನಲ್ಲ. ಒಂದು ಲೋಟ ಸಕ್ಕರೆ ಕಡ ತಂದವರು ಮಾತ್ರ ಸಂಜೆಯೊಳಗೆ ಮುಟ್ಟಿಸಬೇಕು, ಮರುದಿನ ಕೊಟ್ಟವರನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕಾಗುತ್ತದೆ.

ಬೀಗ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬೀಗ ಹಾಕಿದ ಮನೆ ಮುನಿಸಿಕೊಂಡು ಊರಾಚೆ ಹೋಗಿ ಕೂರುತ್ತದೆ ಎಂಬ ನಂಬಿಕೆ. ಅದರ ಬದಲು ಪ್ರತಿಯೊಬ್ಬರಿಗೂ ಅಂಗೈಯಗಲದ ಒಂದು ಮರದ ಬಿಲ್ಲೆ ಇರುತ್ತದೆ. ನನ್ನದರ ಮೇಲೆ ‘ಪಂಚಾಕ್ಷರಿ ಒಳಗಿದ್ದಾರೆ’ ಎಂದು ಕೊರೆದಿದೆ. ಮನೆಗೆ ಬಂದಾಗ ಅದನ್ನು ಬಾಗಿಲ ಮೊಳೆಗೆ ನೇತುಹಾಕಿ ಒಳಗೆ ಹೋಗಬೇಕು, ಹೊರಡುವಾಗ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ನಿನ್ನೆ ತಮ್ಮ ಮನೆ ಇದ್ದ ಜಾಗಕ್ಕೆ ಅಭ್ಯಾಸಬಲದಿಂದ ಬಂದು, ಇನ್ಯಾರೋ ಸ್ನಾನ ಮಾಡುತ್ತಿರುವಲ್ಲಿಗೆ ನುಗ್ಗುವವರನ್ನು ಬಿಲ್ಲೆ ತಡೆಯುತ್ತದೆ. ಈ ಪದ್ಧತಿಯಲ್ಲಿ ಒಂದು ಬಿಗಿಯಾದ ನಿಯಮವುಂಟು. ಹೊರಗಿನಿಂದ ಬಂದವನಿಗೆ ಮೊಳೆಯ ಮೇಲೆ ತನ್ನದೇ ಬಿಲ್ಲೆ ಕಂಡರೆ ಅವನು ಒಳಗೆ ಕಾಲಿಡಕೂಡದು. ಬಿಲ್ಲೆ ಹೇಳುವ ಪ್ರಕಾರ ಅವನು ಆಗಲೇ ಒಳಗಿದ್ದಾನೆ. ಬೇರೆ ಯಾರಾದರೂ ಹೋಗಿ ಕೋಣೆ ಕೋಣೆ ನೋಡಿ, ಹೊಸ್ತಿಲಿಗೆ ಬಂದು, ಯಾರೂ ಇಲ್ಲ, ಒಳಗೆ ಬಾ ಎಂದು ಬಾಯಿಬಿಟ್ಟು ಹೇಳಿ, ಬಿಲ್ಲೆಯನ್ನು ತೆಗೆದು ಅವನ ಕೈಗೆ ಕೊಡಬೇಕು. ಮರೆಗುಳಿಗಳಿಗೆ ಇದೊಂದು ಶಿಕ್ಷೆ. ನಾನು ಒಮ್ಮೆ ಎರಡು ಗಂಟೆ ನನ್ನ ಮನೆಯ ಮುಂದೆಯೇ ಕೂತಿದ್ದೆ. ಆ ದಿನ ಪಕ್ಕಕ್ಕೆ ಬಂದಿದ್ದವರು ಹೊಸದಾಗಿ ಮದುವೆಯಾದವರು, ಕರೆಯಲು ನನಗೆ ನಾಚಿಕೆಯಾಯಿತು.

ಇಂಥ ಊರಿನಲ್ಲಿ ಯಾರ ಮನೆ ಎಲ್ಲಿದೆ ಎಂದು ಹೇಳುವ ಕೆಲಸ ನನ್ನದು. ಬೆಳಗಿನ ಜಾವ ಗಸ್ತಿಯವರು ಊರೆಲ್ಲ ನಡೆದು ಮನೆಗಳನ್ನು ನೋಡಿ ತಮ್ಮ ಮೊಬೈಲಿನಲ್ಲಿ ಒತ್ತುತ್ತಾರೆ. ಅದು ಪುರಸಭೆಯ ಸರ್ವರಿಗೆ ಬಂದು ಸೇರುತ್ತದೆ. ಆರೂವರೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ದೊಡ್ಡ ಬೋರ್ಡಿನ ಮೇಲೆ, ಜನರ ಮೊಬೈಲಿನಲ್ಲಿ, ಎಲ್ಲ ಮನೆಗಳ ವಿಳಾಸ ಬರುತ್ತದೆ. ನನ್ನನ್ನು ಜನ ಸರ್ವರ್ ಸಾರ್ ಎನ್ನುತ್ತಾರೆ. ಕೆಲಸಕ್ಕೆ ಸೇರುವಾಗ ಸಂದರ್ಶನದಲ್ಲಿ ಡೇಟಾಬೇಸ್ ಬರುತ್ತದಾ ಎಂದು ಕೇಳಿದ್ದರು. ಬರುತ್ತದೆ ಎಂದಿದ್ದೆ. ಅದು ಬಂದದ್ದು ಆರು ತಿಂಗಳ ನಂತರ, ಲಾರಿಯಲ್ಲಿ.

ನಾನು ಬರುವುದಕ್ಕೆ ಮುಂಚೆ ಈ ಲೆಕ್ಕವನ್ನೆಲ್ಲ ಕೆಂಚಮ್ಮಜ್ಜಿ ನೋಡಿಕೊಳ್ಳುತ್ತಿದ್ದಳು. ಗಸ್ತಿಗೆ ಅವಳೇ ಮುಖ್ಯಸ್ಥೆ. ಊರು ಸುತ್ತಿ ಬಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಸಿ, ಬಸ್ ಸ್ಟ್ಯಾಂಡಿನ ಗೋಡೆಯ ಮುಂದೆ ನಿಂತು ಕೂಗುತ್ತಿದ್ದಳಂತೆ. ನಾನು ಆ ಪುಸ್ತಕಗಳನ್ನು ಗುಜರಿಗೆ ಹಾಕಿಸಿದೆ. ಇನ್ನು ಕಾಗದ ಬೇಡ ಅಜ್ಜಿ, ಎಲ್ಲ ಇದರೊಳಗೇ ಇರುತ್ತೆ ಎಂದು ಪೆಟ್ಟಿಗೆಯ ಬೆನ್ನು ತಟ್ಟಿ ಹೇಳಿದ್ದೆ. ಈಗ ಅವಳಿಗೆ ಮಂಡಿನೋವು. ಕಚೇರಿಯ ಗೇಟಿನ ಪಕ್ಕ ಚಹಾ, ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರುತ್ತಾಳೆ. ನಾನು ಅವಳ ಖಾಯಂ ಗಿರಾಕಿ. ಎದುರಿಗೆ ಸಿಕ್ಕಾಗಲೆಲ್ಲ ಕಾಲ ಬದಲಾಗಿದೆ ಅಜ್ಜಿ ಎಂದು ತಿಳಿವಳಿಕೆ ಹೇಳುತ್ತಿದ್ದೆ. ಅವಳು ಹೌದಪ್ಪ ಎಂದು ಇನ್ನೊಂದು ಬೋಂಡ ಹಾಕುತ್ತಿದ್ದಳು.

ಇನ್ನು ನನ್ನ ಹೆಂಡತಿಯ ವಿಷಯ. ವಿಶಾಲಾಕ್ಷಿ ಹೊಲಿಗೆ ತರಗತಿ ನಡೆಸುತ್ತಾಳೆ. ಗಸ್ತಿಯ ಲೆಕ್ಕ ಹಿಡಿಯಲು ನಾನು ನಾಲ್ಕಕ್ಕೇ ಕಚೇರಿಗೆ ಹೋಗಬೇಕು, ಆಗ ಅವಳು ಮಲಗಿರುತ್ತಾಳೆ. ನಾನು ಬರುವ ಹೊತ್ತಿಗೆ ಅವಳು ತರಗತಿಯಲ್ಲಿರುತ್ತಾಳೆ. ಹಾಗಾಗಿ ಹೇಳಬೇಕಾದ್ದನ್ನು ಅವಳು ಚೀಟಿಯಲ್ಲಿ ಬರೆದಿಡುತ್ತಿದ್ದಳು. ರವಿಕೆಯ ಅಳತೆ ಕತ್ತರಿಸಿ ಉಳಿದ ಕಂದು ಕಾಗದದ ಚೂರುಗಳಿಗೆ ಗುಂಡುಸೂಜಿ ಚುಚ್ಚಿ, ಅಡಿಗೆಮನೆಯ ಕಿಟಕಿಯ ಪರದೆಗೆ ಸಿಕ್ಕಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನು ಅದರ ಕೆಳಗೇ ಉತ್ತರ ಬರೆಯುತ್ತಿದ್ದೆ. ಆಮೇಲೆ ಓದುವುದಷ್ಟೇ ಉಳಿಯಿತು. ಆಮೇಲೆ ನೋಡುವುದು. ಕೊನೆಗೆ ಪರದೆಯ ತುಂಬ ಚೀಟಿ ತುಂಬಿಕೊಂಡು, ಅದು ಪರದೆಯ ಡಿಸೈನ್ ಎಂಬಂತೆ ನನ್ನ ಕಣ್ಣಿಗೆ ಒಗ್ಗಿಹೋಯಿತು.

ಹನ್ನೊಂದು ದಿನದ ಹಿಂದೆ, ಒಂದು ಸೋಮವಾರ, ಅವಳು ಪಕ್ಕದ ತಾಲ್ಲೂಕಿನಲ್ಲಿರುವ ಅಣ್ಣನ ಮನೆಗೆ ಹೋದಳು. ಅವಳು ಹೋಗಿದ್ದಾಳೆ ಎಂದು ನನಗೆ ತಿಳಿದದ್ದು ಮಂಗಳವಾರ ಸಂಜೆ, ಸಾರು ಮುಗಿದ ಮೇಲೆ. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ, ಆದರೂ ನಡೆದದ್ದು ಹಾಗೆಯೇ. ಫೋನ್ ಮಾಡಿದರೆ ಅವಳ ಅಣ್ಣ ಎತ್ತಿಕೊಂಡು, ಚೀಟಿ ಬರೆದಿಟ್ಟು ಬಂದಿದ್ದಾಳಂತಲ್ಲ ಭಾವ ಎಂದರು. ಯಾವ ಚೀಟಿ ಎಂದು ಹುಡುಕಲು ಹೋಗಿ, ಪರದೆಯ ಮೇಲಿನ ಸಂತೆ ನೋಡಿ ಸುಸ್ತಾಗಿ ಮಲಗಿಬಿಟ್ಟೆ. ಆ ವಾರ ಹೇಗೋ ಕಳೆಯಿತು. ಭಾನುವಾರ ಗ್ಯಾಸ್ ಮುಗಿಯಿತು. ಸೋಮವಾರದಿಂದ ಕಚೇರಿಯ ಬೆಂಚಿನ ಮೇಲೇ ಮಲಗಿ, ಕೆಂಚಮ್ಮಜ್ಜಿಯ ಮಂಡಕ್ಕಿಯಲ್ಲಿ ಜೀವ ಹಿಡಿದುಕೊಂಡೆ. ಮಂಗಳವಾರ ಬೆಳಿಗ್ಗೆ ಅಜ್ಜಿ, “ಪಂಚಾಕ್ಷರಿ, ನಿನ್ ಮನಿ ಇವತ್ತು...” ಎಂದು ಏನೋ ಹೇಳಲು ಬಂದಳು. “ಕಂಪ್ಯೂಟರ್ ಇದೆ ಅಜ್ಜಿ, ಅದು ಹೇಳುತ್ತೆ” ಎಂದು ಅವಳ ಬಾಯಿ ಮುಚ್ಚಿಸಿದೆ. ಹೆಂಡತಿಯಿಲ್ಲದ ಮನೆ ಎಲ್ಲಿದ್ದರೇನು ಎಂದು ಕಂಪ್ಯೂಟರನ್ನೂ ಕೇಳಲಿಲ್ಲ.

ಗುರುವಾರ ಸಂಜೆ ವಿಶಾಲು ತಾನೇ ಫೋನ್ ಮಾಡಿದಳು. “ನಾಳೆ ಹನ್ನೆರಡೂವರೆ ಬಸ್ಸಿಗೆ ಬರ್ತೀನಿ” ಎಂದಳು. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ. “ಬೋರ್ಡ್ ನೋಡ್ಕೊಂಡು ಮನೆಗೆ ಹೋಗ್ತೀನಿ. ದಾರಿಯಲ್ಲಿ ಯಾರನ್ನೂ ಕೇಳಲ್ಲ. ಬೋರ್ಡಲ್ಲಿ ನಮ್ಮನೆ ಇರಲಿಲ್ಲ ಅಂದ್ರೆ ಅದೇ ಬಸ್ಸಿಗೆ ವಾಪಸ್ ಹತ್ತಿಬಿಡ್ತೀನಿ. ಮತ್ತೆ ಬರಲ್ಲ.”

“ನಾನೇ ಸ್ಟ್ಯಾಂಡಿಗೆ ಬರ್ತೀನಿ ಬಿಡು, ಬೋರ್ಡ್ ಯಾಕೆ” ಎಂದೆ.

“ನಿಮ್ಮನ್ನ ಎಂಟು ವರ್ಷ ನೋಡಿದ್ದೀನಿ. ಊರಿಗೆಲ್ಲ ಮನೆ ತೋರಿಸ್ತೀರಿ, ನಮ್ಮನೆಯನ್ನ ನೀವು ಬರೆದಿಟ್ಟಿದ್ದೀರೋ ಇಲ್ವೋ ನೋಡಬೇಕು ನನಗೆ. ಅಷ್ಟೇ” ಎಂದು ಫೋನಿಟ್ಟಳು. ಬಸ್ಸು ಹನ್ನೆರಡೂವರೆಗೆ ಬಂದು ಹನ್ನೆರಡೂ ಮುಕ್ಕಾಲಿಗೆ ಹೊರಟುಬಿಡುತ್ತದೆ. ಹೆದರುವ ಕಾರಣ ನನಗೆ ಕಾಣಲಿಲ್ಲ. ಬೋರ್ಡು ಹದಿಮೂರು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಶುಕ್ರವಾರ ಗಸ್ತಿಯ ಲೆಕ್ಕ ಸರಿಯಾಗಿಯೇ ಬಂದು ಸೇರಿತು. ಏಳೂವರೆಗೆ ಸ್ನಾನ ಮಾಡಿ, ಅವಳಿಗೆ ಇಷ್ಟವಾದ ಬಿಳಿ ಅಂಗಿ ತೆಗೆದೆ. ನಾಲ್ಕು ದಿನ ಚೀಲದಲ್ಲಿದ್ದು ಮುದುರಿಹೋಗಿತ್ತು. ಜವಾನನ ಇಸ್ತ್ರಿಪೆಟ್ಟಿಗೆ ಕಚೇರಿಯಲ್ಲೇ ಇರುತ್ತದೆ. ಆದರೆ ಅದರ ದಪ್ಪ ಪಿನ್ನು ಹಿಡಿಯುವ ಸಾಕೆಟ್ಟು ಇಡೀ ಕಚೇರಿಗೆ ಒಂದೇ, ಅದು ಸರ್ವರಿನದು. ಯುಪಿಎಸ್ ಬ್ಯಾಟರಿ ಸತ್ತು ಒಂದು ವರ್ಷವಾಗಿತ್ತು. ಎರಡು ನಿಮಿಷ ತಾನೇ ಎಂದು ಸರ್ವರಿನ ಪ್ಲಗ್ ಎಳೆದು ಇಸ್ತ್ರಿಯದನ್ನು ಚುಚ್ಚಿದೆ. ಕಾಲರು, ಎದೆ, ಒಂದು ತೋಳು ಮುಗಿಸಿದೆ. ಹೊತ್ತು ಮೀರಿತೆಂದು ಇನ್ನೊಂದು ತೋಳನ್ನು ಬಿಟ್ಟು, ಮತ್ತೆ ಪ್ಲಗ್ ಬದಲಾಯಿಸಿ ಸರ್ವರಿನ ಗುಂಡಿ ಒತ್ತಿದೆ. ಪಂಖ ತಿರುಗಿತು, ದೀಪ ಹತ್ತಿತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾಲುಗಳು ಓಡಿ ನಿಂತವು. ಡೇಟಾಬೇಸು ಮಾತ್ರ ಏಳಲಿಲ್ಲ. ಬಸ್ ಸ್ಟ್ಯಾಂಡಿನ ಬೋರ್ಡು ಕಪ್ಪಾಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲು ವಿದ್ಯುತ್ತನ್ನು ಬೈದೆ. ಆಮೇಲೆ ತಂತಿಗಳನ್ನೆಲ್ಲ ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಹೀಗೆ ಒಂಬತ್ತು ಸಲ. ಒಂಬತ್ತು ಸಲವೂ ಅದೇ ಸಾಲುಗಳು ಅದೇ ಜಾಗದಲ್ಲಿ ಬಂದು ನಿಂತವು. ನಾನು ಒಂಬತ್ತು ಸಲವೂ ಅವು ಸರಿದು ಮೇಲೆ ಹೋಗಲಿ ಎಂದು ಗುಂಡಿ ಒತ್ತಿದೆ. ಹತ್ತನೆಯ ಸಲ ಪೆಟ್ಟಿಗೆಗೆ ಕೈಮುಗಿದೆ.

ಒಂಬತ್ತು ಗಂಟೆಗೆಲ್ಲ ಕಚೇರಿಯ ಮುಂದೆ ಜನ ಸೇರಿದರು. ಮನೆಯಿಂದ ಬೆಳಿಗ್ಗೆ ಹೊರಟವರಿಗೇನೂ ತೊಂದರೆಯಿಲ್ಲ, ಅವರಿಗೆ ತಮ್ಮ ಮನೆ ಗೊತ್ತು. ಕಷ್ಟ ಬೇರೆಯವರ ಮನೆಗೆ ಹೋಗಬೇಕಾದವರದು. ಪೋಸ್ಟಿನವನು ಚೀಲ ಹೊತ್ತು ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ಬಂದ ಇಬ್ಬರು ನರ್ಸುಗಳು ಮೆಟ್ಟಿಲ ಮೇಲೆ ಕೂತು ತೂಕಡಿಸುತ್ತಿದ್ದರು. ಮಗಳ ಮದುವೆಯ ಕರೆಯೋಲೆ ಹಂಚಲು ಹೊರಟಿದ್ದ ಒಬ್ಬರು, ಎದುರಿಗೆ ಸಿಕ್ಕವರ ಕೈಗೆಲ್ಲ ಒಂದೊಂದು ಪತ್ರಿಕೆ ಕೊಟ್ಟು ನೀವೂ ಬನ್ನಿ ಎನ್ನುತ್ತಿದ್ದರು.

ಮುಖ್ಯಾಧಿಕಾರಿ ದಸ್ತಗೀರ್ ಸಾಹೇಬರು ಸರ್ವರ್ ಕೋಣೆಗೆ ಬಂದರು. ಸಾಧು ಮನುಷ್ಯ, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. “ಏನ್ರೀ ಪಂಚಾಕ್ಷರಿ, ಏನಾಗಿದೆ ಇದಕ್ಕೆ?” ಎಂದರು.

“ಟೆಕ್ನಿಕಲ್ ಪ್ರಾಬ್ಲಂ ಸಾರ್.”

“ಅಲ್ಲೇನೋ ಬರೆದಿದೆಯಲ್ರೀ.”

“ಅದು ಯಾವಾಗಲೂ ಹಂಗೇ ಬರೀತದೆ ಸಾರ್. ಅದರ ಅಭ್ಯಾಸ ಅದು.”

ಹಾಗೆಂದ ಕೂಡಲೇ ನನಗೆ ಅಡಿಗೆಮನೆಯ ಪರದೆ ನೆನಪಾಯಿತು. ಆದರೆ ಒಳ್ಳೆಯ ಯೋಚನೆಗಳು ನನ್ನ ತಲೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸಾಹೇಬರು ಗಸ್ತಿಯವರನ್ನು ಮತ್ತೊಮ್ಮೆ ಕಳಿಸೋಣವೇ ಎಂದರು. ಅವರೆಲ್ಲ ಆಗಲೇ ತಂತಮ್ಮ ಕೆಲಸಕ್ಕೆ ಚೆದುರಿಹೋಗಿದ್ದರು. ಸಿಕ್ಕರೂ ಬರೆಯಲು ಪುಸ್ತಕವಿಲ್ಲ. ಬ್ಯಾಕಪ್ ಇದೆಯಲ್ಲ, ಪ್ರತಿ ಶನಿವಾರ ಸಹಿ ಹಾಕಿದ್ದೀರಲ್ಲ ಎಂದು ಅವರು ನೆನಪಿಸಿದರು. ಸಹಿ ಹಾಕಿದ್ದು ನಿಜ. ಬ್ಯಾಕಪ್ ತೆಗೆದದ್ದು ಮೂರು ವರ್ಷದ ಹಿಂದೆ, ಒಂದೇ ಒಂದು ಸಲ. “ನೋಡ್ತೀನಿ ಸಾರ್” ಎಂದೆ.

ಸರ್ವರ್ ಮಾರಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯ ಹೆಣ್ಣುಮಗಳೊಬ್ಬಳು, “ಸ್ಕ್ರೀನ್ ಮೇಲೆ ಏನು ಬರ್ತಾ ಇದೆ ಸರ್?” ಎಂದು ಕೇಳಿದಳು. ಮೂವತ್ತು ಸಾಲು ಎದುರಿಗೇ ಇದ್ದರೂ, ಏನೂ ಬರುತ್ತಿಲ್ಲ ಎಂದೆ. “ಲಾಗ್ ಫೈಲ್ ಓದಿದ್ರಾ ಸರ್? ನಿಂತಿದ್ದಕ್ಕೆ ಕಾರಣ ಅದೇ ಬರೆದುಕೊಂಡಿರುತ್ತೆ.” ಓದಿದೆ ಎಂದೆ. ಓದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ಹದಿಮೂರು ವರ್ಷದ ಸರ್ವಿಸ್ ಅಡ್ಡ ಬಂತು. “ಹಾಗಾದ್ರೆ ಎಂಜಿನಿಯರ್ ಕಳಿಸ್ತೀವಿ ಸರ್, ಸೋಮವಾರ ಬರ್ತಾರೆ.”

ಗಂಟೆ ಹನ್ನೊಂದು ಇಪ್ಪತ್ತು. ಸೋಮವಾರದ ಹೊತ್ತಿಗೆ ವಿಶಾಲು ಅಣ್ಣನ ಮನೆಯಲ್ಲಿ ಹೊಲಿಗೆ ತರಗತಿ ಶುರುಮಾಡಿರುತ್ತಾಳೆ. ನಾನೇ ಓಡಿಹೋಗಿ ಮನೆ ಹುಡುಕೋಣವೆಂದರೆ, ನಾಲ್ಕು ಸಾವಿರ ಮನೆಗಳ ನಡುವೆ ನನ್ನದು ಎಲ್ಲಿದೆ ಎಂದು ನನಗೇ ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಅಲ್ಲಿ ನಾನು ಚಾಪೆ ಹಾಸಿ ಮಲಗಿದ್ದೆ. ಮೊದಲ ಸಲ ನನಗೆ ನಿಜವಾಗಿ ಭಯವಾಯಿತು. ಅವಳಿಲ್ಲದೆ ಹನ್ನೊಂದು ದಿನ ನಾನು ಏನಾಗಿದ್ದೆ ಎಂದು ಬೆಂಚಿನ ಕೆಳಗಿನ ಮಂಡಕ್ಕಿ ಪೊಟ್ಟಣಗಳನ್ನು ನೋಡಿದರೆ ಗೊತ್ತಾಗುತ್ತಿತ್ತು.

ಕೊನೆಯ ಉಪಾಯ ಒಂದೇ ಇತ್ತು. ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಅಳಿಸಿದರೆ ಬೆಳಗಿನ ಲೆಕ್ಕ ಹೋಗುತ್ತದೆ, ಹದಿಮೂರು ವರ್ಷದ ಮನೆಗಳ ಓಡಾಟವೆಲ್ಲ ಹೋಗುತ್ತದೆ. ಆದರೆ ಸರ್ವರ್ ಏಳುತ್ತದೆ, ಬೋರ್ಡಿಗೆ ಬೆಳಕು ಬರುತ್ತದೆ. ಆ ಬೆಳಕಿನಲ್ಲಿ ಒಂದು ಮನೆಯೂ ಇರುವುದಿಲ್ಲ ಎಂಬುದು ಹೊಳೆಯದಷ್ಟು ನನ್ನ ತಲೆ ಕೆಟ್ಟಿತ್ತು. ಸಿಡಿ ಹಾಕಿದೆ. ಎಲ್ಲ ಅಳಿಸಲೇ ಎಂದು ಪರದೆ ಕೇಳಿತು. ಕೈ ಗುಂಡಿಯ ಮೇಲಿತ್ತು. ಆಗ ಕೆಂಚಮ್ಮಜ್ಜಿ ಮಂಡಿ ಹಿಡಿದುಕೊಂಡು ಚಹಾ ತಂದಳು.

“ಬೆಳಗಿಂದ ಏನೂ ತಿಂದಿಲ್ಲ ಅಂದ್ರು” ಎಂದು ಲೋಟ ಇಟ್ಟು, ಪರದೆಯ ಕಡೆ ನೋಡಿದಳು. “ಏನಂತೈತೆ ಇದು?”

“ಎಲ್ಲ ಅಳಿಸಲಾ ಅಂತ ಕೇಳ್ತಿದೆ ಅಜ್ಜಿ.”

“ಅದಲ್ಲ. ಬೆಳಿಗ್ಗೆ ಯಾಕೆ ಏಳ್ಲಿಲ್ಲ ಅಂತ ಏನಾರ ಹೇಳ್ತಾ?”

“ಇಂಗ್ಲಿಷಲ್ಲಿ ಹೇಳ್ತದೆ. ನಿನಗೆ ತಿಳಿಯಲ್ಲ.”

“ನನಗೆ ತಿಳಿಯಲ್ಲ. ನಿನಗೆ ತಿಳಿದೈತಲ್ಲ, ನೀನು ಓದಿ ಹೇಳು.”

ಅವಳನ್ನು ಸಾಗಹಾಕುವ ಉದ್ದೇಶದಿಂದಲೇ ನಾನು ಸಿಡಿ ತೆಗೆದು, ಲಾಗ್ ಫೈಲನ್ನು ತೆರೆದೆ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದುತ್ತಾ ಹೋದೆ. ಹದಿಮೂರು ವರ್ಷದಲ್ಲಿ ಅದನ್ನು ಓದಿದ್ದು ಅದೇ ಮೊದಲು. “ಏಳು ಗಂಟೆ ನಲವತ್ತೆರಡು ನಿಮಿಷ. ಏಳಲು ಹೊರಟಿದ್ದೇನೆ ಅಂತಿದೆ. ಆಮೇಲೆ, ಲಾಕ್ ಫೈಲ್ ಒಂದು ಆಗಲೇ ಇಲ್ಲಿದೆ ಅಂತಿದೆ. ಆಮೇಲೆ, ಎರಡು ಸಾವಿರದ ಇನ್ನೂರ ಹದಿನಾಲ್ಕನೇ ನಂಬರಿನ ಸರ್ವರ್ ಈಗಾಗಲೇ ಒಳಗೆ ಕೆಲಸ ಮಾಡ್ತಾ ಇರಬಹುದು, ಆದ್ದರಿಂದ ನಾನು ನಿಲ್ತೀನಿ ಅಂತಿದೆ.” ಕೆಳಗೆ ನೋಡಿದೆ. ಅದೇ ಮಾತು ಹತ್ತು ಸಲ ಇತ್ತು. ನಾನು ಗುಂಡಿ ಒತ್ತಿದಾಗಲೆಲ್ಲ ಅದು ಬೇಸರವಿಲ್ಲದೆ ಅದನ್ನೇ ಹೇಳಿತ್ತು.

“ಆ ಲಾಕು ಯಾರದು?” ಎಂದಳು ಅಜ್ಜಿ.

“ಇದರದೇ. ಕೆಲಸ ಶುರು ಮಾಡುವಾಗ ನಾನು ಒಳಗಿದ್ದೀನಿ ಅಂತ ಒಂದು ಫೈಲ್ ಬರೆದಿಡುತ್ತೆ. ಮುಗಿಸಿ ಹೋಗುವಾಗ ತಾನೇ ತೆಗೀತದೆ.”

“ಇವತ್ತು ತೆಗೆದಿಲ್ಲವೇನು?”

ತೆಗೆಯಲು ನಾನೆಲ್ಲಿ ಬಿಟ್ಟಿದ್ದೆ. ಇಸ್ತ್ರಿಪೆಟ್ಟಿಗೆಯ ಕಡೆ ನನ್ನ ಕಣ್ಣು ಹೋಯಿತು. ಅಜ್ಜಿಯ ಕಣ್ಣೂ ಅಲ್ಲಿಗೇ ಬಂತು. ಆಮೇಲೆ ನನ್ನ ಅಂಗಿಯ ಒಂದು ನೆಟ್ಟಗಿನ ತೋಳು, ಒಂದು ಮುದುರಿದ ತೋಳು ನೋಡಿದಳು. ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಲ್ಲಪ್ಪ ಸರ್ವರ್ ಸಾರೂ, ಅದು ತನ್ನ ಬಿಲ್ಲೆ ತಾನೇ ನೋಡಿ ಹೊಸ್ತಿಲಾಗೆ ನಿಂತೈತೆ. ಊರ ಪದ್ಧತಿ ಅದಕ್ಕೆ ಗೊತ್ತೈತೆ, ನಿನಗೆ ಗೊತ್ತಿಲ್ಲ. ಬೆಳಗಿಂದ ಹತ್ತು ಸಲ ಕರೆದೈತೆ, ಯಾರಾರ ಒಳಗೆ ನೋಡ್ರಪ್ಪ ಅಂತ. ನೀನು ಹತ್ತು ಸಲ ಅದರ ಕಪಾಳಕ್ಕೆ ಹೊಡೆದು ಒಳಗೆ ಹೋಗು ಅಂದೀಯ.”

ನಾನು ಲಾಕ್ ಫೈಲನ್ನು ಅಳಿಸಲು ಕೈ ಹಾಕಿದೆ. ಅಜ್ಜಿ ಮಣಿಕಟ್ಟು ಹಿಡಿದಳು. “ನೋಡದೆ ಬಿಲ್ಲೆ ತೆಗೀತಾರೇನು? ಒಳಗೆ ಯಾರಾರ ಇದ್ರೆ ಇಬ್ಬರೂ ಸೇರಿ ಮನಿ ಹಾಳು ಮಾಡ್ತಾರೆ. ಮೊದಲು ನೋಡು.”

ಸಹಾಯವಾಣಿಯವರೂ ಇದನ್ನೇ ಹೇಳುತ್ತಿದ್ದರು, ನಾನು ನಿಜ ಹೇಳಿದ್ದರೆ. ಒಳಗೆ ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆದೆ. ಇಬ್ಬರೂ ಕೂತು ಮೇಲಿನಿಂದ ಕೆಳಗೆ ಒಂದೊಂದೇ ನಂಬರು ನೋಡಿದೆವು. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ಅಂಕೆ ಬರುತ್ತದೆ, ಬೆರಳಿಟ್ಟು ಎಣಿಸಿದಳು. ಎರಡು ಸಾವಿರದ ಇನ್ನೂರ ಹದಿನಾಲ್ಕು ಎಲ್ಲಿಯೂ ಇರಲಿಲ್ಲ. ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಪೆಟ್ಟಿಗೆಯ ಕಡೆ ಬಾಗಿ, ಹಿಂದೆ ಊರಿಗೆಲ್ಲ ಕೂಗುತ್ತಿದ್ದ ದನಿಯಲ್ಲಿ, “ಯಾರೂ ಇಲ್ಲ, ಒಳಗೆ ಬಾ” ಎಂದಳು. ಬಾಗಿಲಲ್ಲಿ ನಿಂತಿದ್ದ ಸಾಹೇಬರು ನಗಲಿಲ್ಲ. ನಮ್ಮ ಊರಿನವರು ಅದಕ್ಕೆ ನಗುವುದಿಲ್ಲ.

ನಾನು ಲಾಕ್ ಫೈಲನ್ನು ಅಳಿಸಿ ಗುಂಡಿ ಒತ್ತಿದೆ. ಈ ಸಲ ಸಾಲುಗಳು ನಿಲ್ಲಲಿಲ್ಲ. ಬೆಳಿಗ್ಗೆ ಅರ್ಧಕ್ಕೆ ನಿಂತ ಕೆಲಸಗಳನ್ನು ಹುಡುಕಿ ಸರಿಮಾಡುತ್ತಿದ್ದೇನೆ, ಸ್ವಲ್ಪ ತಾಳಿ ಎಂದು ಬಂತು. ನಾನು ಪ್ರತಿ ಸಾಲನ್ನೂ ಅಜ್ಜಿಗೆ ಓದಿ ಹೇಳಿದೆ. ಅದು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತು ಯಾರ ಮಾತನ್ನೂ ಕೇಳಿದ ನೆನಪು ನನಗಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಕೊನೆಯ ಸಾಲು ಬಂತು. ಸಿದ್ಧನಾಗಿದ್ದೇನೆ. ಹೊರಗಡೆ ಪೋಸ್ಟಿನವನ ಮೊಬೈಲು ಸದ್ದು ಮಾಡಿತು. ನರ್ಸುಗಳು ಎದ್ದು ಮನೆಯ ಕಡೆ ನಡೆದರು.

ನನ್ನ ಹೆಸರು ಹಾಕಿ ಹುಡುಕಿದೆ. ‘ಪಂಚಾಕ್ಷರಿ, ವಿಶಾಲಾಕ್ಷಿ. ಪುರಸಭೆ ಕಚೇರಿಯ ಹಿಂಬದಿ ಗೋಡೆಗೆ ಹೊಂದಿಕೊಂಡಂತೆ. ಮಂಗಳವಾರದಿಂದ’ ಎಂದು ಬಂತು.

“ಅದನ್ನೇ ಹೇಳೋಕೆ ಬಂದಿದ್ದೆ ಅವತ್ತು” ಎಂದಳು ಕೆಂಚಮ್ಮಜ್ಜಿ, ಖಾಲಿ ಲೋಟ ತೆಗೆದುಕೊಳ್ಳುತ್ತಾ. “ಕಂಪ್ಯೂಟರ್ ಐತೆ ಅಂದೆ.”

ಮೂರು ರಾತ್ರಿ ನಾನು ಬೆಂಚಿನ ಮೇಲೆ ಸೊಳ್ಳೆ ಹೊಡೆಯುತ್ತಾ ಮಲಗಿದ್ದೆ. ನನ್ನ ತಲೆದಿಂಬು ತಾಗಿದ್ದ ಗೋಡೆಯ ಆ ಕಡೆ ನನ್ನ ಮಂಚವಿತ್ತು. ಅಜ್ಜಿಯ ಕಾಲು ಮುಟ್ಟಲು ಹೋದೆ. “ಆಮೇಲೆ ಮುಟ್ಟೀವಂತೆ, ಬಸ್ಸು ಬರ್ತೈತೆ, ಓಡು” ಎಂದಳು. ಬಸ್ಸಿನ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಒಂದು ತೋಳು ಇಸ್ತ್ರಿಯಾದ ಬಿಳಿ ಅಂಗಿಯಿಂದಲೇ ಅವಳು ಅದನ್ನು ಓದಿಕೊಂಡಿದ್ದಳು.

ನಾನು ಸ್ಟ್ಯಾಂಡು ಮುಟ್ಟಿದಾಗ ವಿಶಾಲು ಆಗಲೇ ಇಳಿದು ಬೋರ್ಡಿನ ಮುಂದೆ ನಿಂತಿದ್ದಳು, ಕೈಯಲ್ಲಿ ಒಂದು ಚೀಲ. ಚೀಲ ಚಿಕ್ಕದಿತ್ತು. ಇರಲು ಬಂದವಳ ಚೀಲವಲ್ಲ ಅದು. ಅವಳು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ತಿರುಗಿ ನನ್ನ ಅಂಗಿಯ ಎರಡೂ ತೋಳು ನೋಡಿದಳು. ಕಚೇರಿಯ ಹಿಂಬದಿಯ ದಾರಿ ಹಿಡಿದಳು. ನಾನು ಹಿಂದೆ ಹಿಂದೆ ನಡೆದೆ. ಬಸ್ಸು ಇನ್ನೂ ನಿಂತೇ ಇತ್ತು, ಕಂಡಕ್ಟರ್ ಚಹಾ ಕುಡಿಯುತ್ತಿದ್ದ.

ಮನೆ ಇತ್ತು, ನೀಲಿ ಬಾಗಿಲು, ಮುರಿದ ಮೆಟ್ಟಿಲು ಎಲ್ಲ ಇದ್ದ ಹಾಗೆಯೇ. ಬಾಗಿಲ ಮೊಳೆಗೆ ನನ್ನ ಬಿಲ್ಲೆ ನೇತಾಡುತ್ತಿತ್ತು. ಸೋಮವಾರ ಗ್ಯಾಸಿಲ್ಲದ ಸಿಟ್ಟಿನಲ್ಲಿ ಹೊರಟವನು ಬಿಟ್ಟುಬಂದಿದ್ದೆ. ನಾನು ಮೆಟ್ಟಿಲ ಕೆಳಗೇ ನಿಂತೆ. ವಿಶಾಲು ಅದನ್ನು ಓದಿದಳು. ಅವಳು ಯಾವುದನ್ನೂ ಓದದೆ ಬಿಡುವವಳಲ್ಲ.

“ಪಂಚಾಕ್ಷರಿ ಒಳಗಿದ್ದಾರೆ ಅಂತ ಬರೆದಿದೆ” ಎಂದಳು.

“ತೆಗೆಯೋಕೆ ಮರೆತೆ.”

“ಎಂಟು ವರ್ಷದಿಂದ ಬರೆದಿದೆ. ನಾನೂ ನಂಬ್ಕೊಂಡೇ ಇದ್ದೆ.” ಚೀಲವನ್ನು ಮೆಟ್ಟಿಲ ಮೇಲಿಟ್ಟಳು. “ಇಲ್ಲೇ ಇರಿ. ನೋಡಿ ಬರ್ತೀನಿ.”

ಅವಳು ಒಳಗೆ ಹೋದಳು. ನಡುಮನೆಯ ಕಿಟಕಿ ತೆರೆದ ಸದ್ದು ಕೇಳಿಸಿತು, ಆಮೇಲೆ ಮಲಗುವ ಕೋಣೆ, ಬಚ್ಚಲು. ಅಡಿಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನನಗೊಂದು ವಿಚಿತ್ರವಾದ ಭಯ ಹತ್ತಿತು. ಒಳಗೆ ನಿಜವಾಗಿಯೂ ಒಬ್ಬ ಪಂಚಾಕ್ಷರಿ ಇದ್ದುಬಿಟ್ಟರೆ? ಚೀಟಿಗಳನ್ನೆಲ್ಲ ಓದಿ, ಕೆಳಗೆ ಉತ್ತರ ಬರೆದು, ಗ್ಯಾಸ್ ಬುಕ್ ಮಾಡಿ, ಅನ್ನಕ್ಕಿಟ್ಟು ಕೂತಿರುವ ಒಬ್ಬ? ಅವಳು ಅವನ ಜೊತೆಯೇ ಇರುತ್ತೇನೆ ಎಂದರೆ ನಾನು ಯಾವ ಬಾಯಿಂದ ಬೇಡ ಎನ್ನಲಿ. ನ್ಯಾಯವಾಗಿ ಅವಳು ಅವನನ್ನೇ ಮದುವೆಯಾಗಬೇಕಿತ್ತು.

ಅವಳು ಹೊಸ್ತಿಲಿಗೆ ಬಂದಳು. ಕೈಯಲ್ಲಿ ಗುಂಡುಸೂಜಿ ಸಮೇತ ಒಂದು ಕಂದು ಕಾಗದದ ಚೂರಿತ್ತು. “ಓದಿ” ಎಂದು ಚಾಚಿದಳು.

ನಾನು ಗಟ್ಟಿಯಾಗಿ ಓದಿದೆ. “ಸೋಮವಾರ ಅಣ್ಣನ ಮನೆಗೆ ಹೋಗೋಣ ಅಂತಿದ್ದೀನಿ. ಅಷ್ಟೇನೂ ಮನಸ್ಸಿಲ್ಲ. ಹೋಗಬೇಡ ಅಂತ ಕೆಳಗೆ ಬರೆದಿಟ್ಟರೆ ಹೋಗಲ್ಲ.” ಕೆಳಗೆ ಎರಡು ಬೆರಳಗಲ ಜಾಗವನ್ನು ಖಾಲಿ ಬಿಟ್ಟಿದ್ದಳು. ಸುಮ್ಮನೆ ಉಳಿದ ಜಾಗವಲ್ಲ. ನನ್ನ ಅಕ್ಷರ ದಪ್ಪ ಎಂದು ಅಳತೆ ನೋಡಿ ಬಿಟ್ಟದ್ದು. ಗೋಡೆಯ ಆ ಕಡೆ ಬಸ್ಸಿನ ಹಾರ್ನ್ ಆಯಿತು. ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ನಾನು ಜೇಬಿನಿಂದ ಪೆನ್ನು ತೆಗೆದು, ಕಾಗದವನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಆ ಖಾಲಿ ಜಾಗದಲ್ಲಿ ‘ಹೋಗಬೇಡ’ ಎಂದು ಬರೆದು ಕೊಟ್ಟೆ.

ವಿಶಾಲು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. “ಹನ್ನೊಂದು ದಿನ ಲೇಟು” ಎಂದಳು. ಬಸ್ಸು ಹೊರಟ ಸದ್ದು ದೂರವಾಗುವ ತನಕ ಹಾಗೇ ನಿಂತಿದ್ದಳು. ಆಮೇಲೆ ಮೊಳೆಯಿಂದ ನನ್ನ ಬಿಲ್ಲೆಯನ್ನು ಬಿಡಿಸಿ, ಸೆರಗಿನಲ್ಲಿ ಅದರ ಧೂಳೊರೆಸಿ, ನನ್ನ ಅಂಗೈಯಲ್ಲಿಟ್ಟಳು.

“ಯಾರೂ ಇಲ್ಲ” ಎಂದಳು. “ಒಳಗೆ ಬನ್ನಿ.”